ಹಾಸ್ಟೆಲ್ ಕೋಣೆಗೆ ನೀರುಂಟು, ಕರೆಂಟುಂಟು, ಇಂಟರ್ನೆಟ್?



ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರದ ಕೆಲವು ಮನೆಗಳಲ್ಲಿ ಒಂದೇ ಗಡಿಬಿಡಿ. ಪ್ಲಸ್ ಟು ಮುಗಿಸಿದ ಮಗನೋ ಮಗಳೋ ಹಾಸ್ಟೆಲಿಗೆ ಹೊರಡಬೇಕು. ಬಕೆಟ್, ಮಗ್ಗು, ಹಾಸಿಗೆ, ಸೊಳ್ಳೆಪರದೆ, ಬೀಗ, ಒಂದು ಬಾಟಲಿ ಉಪ್ಪಿನಕಾಯಿ, ಅಮ್ಮನ ಕೈಯ ಒಣ ಸಿಗಡಿ ಚಟ್ನಿ. ಹಾಸ್ಟೆಲಿನ ಆಫೀಸಿನಲ್ಲಿ ಅಪ್ಪ ವಾರ್ಡನ್ ಹತ್ತಿರ ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಊಟ ಹೇಗೆ, ಬೇಸಿಗೆಯಲ್ಲಿ ನೀರು ಬರುತ್ತದಾ, ಗೇಟು ಎಷ್ಟು ಗಂಟೆಗೆ ಹಾಕುತ್ತೀರಿ, ಭಾನುವಾರ ಪೂಜೆಗೆ ಹೋಗಲು ಬಿಡುತ್ತೀರಾ. ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿಗೆ ಇಂಟರ್ನೆಟ್ ಸಿಗುತ್ತದಾ, ಯಾವ ಮಹಡಿಯವರೆಗೆ ಸಿಗುತ್ತದೆ, ರಾತ್ರಿ ಎಷ್ಟು ಗಂಟೆಯವರೆಗೆ ಅಂತ ಕೇಳಿದ ಅಪ್ಪ ಅಮ್ಮನನ್ನು ನಾವು ಕಂಡದ್ದು ಬಹಳ ಕಡಿಮೆ. ಕೇಳಿದರೆ ಮಗು ಓದುವುದಕ್ಕಲ್ಲ, ಆಡುವುದಕ್ಕೆ ಬಂದದ್ದು ಅಂತ ವಾರ್ಡನ್ ಅಂದುಕೊಂಡಾರು ಎಂಬ ಅಂಜಿಕೆ ಬೇರೆ.

ನಮ್ಮ ಯುವ ಘಟಕದಲ್ಲಿ ಹಾಸ್ಟೆಲಿನಲ್ಲಿ ಇದ್ದವರು, ಈಗಲೂ ಇರುವವರು ಏಳೆಂಟು ಮಂದಿ ಇದ್ದೇವೆ. ಕೆಲವರು ಗಡಿ ದಾಟಿ ಮಂಗಳೂರಿಗೆ, ಕೆಲವರು ಪೆರಿಯಕ್ಕೆ, ಕಣ್ಣೂರಿಗೆ, ಒಬ್ಬಿಬ್ಬರು ಬೆಂಗಳೂರಿಗೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಜಗಲಿಯಲ್ಲಿ ನಿಂತು ಮಾತಾಡುವಾಗ ಊಟದ ದೂರು ಮುಗಿದ ಕೂಡಲೇ ಬರುವ ಎರಡನೇ ದೂರು ಇದೇ. ಆದ್ದರಿಂದ ನಮ್ಮ ಅಭಿಪ್ರಾಯವನ್ನು ನೇರವಾಗಿ ಬರೆಯುತ್ತಿದ್ದೇವೆ. ಹಾಸ್ಟೆಲ್ ಕೋಣೆಗೆ ಇಂಟರ್ನೆಟ್ ಎಂಬುದು ನೀರು ಮತ್ತು ಕರೆಂಟಿನ ಸಾಲಿಗೆ ಸೇರಿದ ವಸ್ತು. ಅದು ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ, ತಪ್ಪು ಮಾಡಿದಾಗ ಕಿತ್ತುಕೊಳ್ಳುವ ಆಟಿಕೆಯೂ ಅಲ್ಲ.

"ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ? ನಾವು ಓದಲಿಲ್ಲವಾ?" ಎಂದು ಹಿರಿಯರು ಕೇಳುತ್ತಾರೆ. ಓದಿದ್ದೀರಿ, ನಿಜ. ಆದರೆ ಆಗ ಓದು ನಡೆಯುತ್ತಿದ್ದದ್ದು ಪುಸ್ತಕದಲ್ಲಿ, ನೋಟ್ಸಿನಲ್ಲಿ. ಈಗ ಓದಿನ ಜಾಗವನ್ನೇ ಸರಕಾರ, ವಿಶ್ವವಿದ್ಯಾಲಯಗಳು ಬದಲಿಸಿವೆ. ಕೇರಳದಲ್ಲಿ 2024ರ ಜುಲೈ 1ರಿಂದ ನಾಲ್ಕು ವರ್ಷದ ಪದವಿ ಶುರುವಾಗಿದೆ. ವಿಷಯ ಆರಿಸುವುದು, ನೋಂದಣಿ, ಪರೀಕ್ಷೆಯ ಅರ್ಜಿ, ಫಲಿತಾಂಶ ಎಲ್ಲವೂ ಪರದೆಯ ಮೇಲೆ. ಕೇಂದ್ರ ಸರಕಾರದ ಸ್ವಯಂ ಎಂಬ ಆನ್‌ಲೈನ್ ಪಾಠಗಳ ವೇದಿಕೆ 2017ರಲ್ಲಿ ಬಂತು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಅಲ್ಲಿಯೇ ಕಲಿತು ಕ್ರೆಡಿಟ್ ಪಡೆಯಲು ಕಾಲೇಜು ಅವಕಾಶ ಕೊಡಬಹುದು. 2025ರ ಜನವರಿ 1ರಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಕೇಂದ್ರ ಸರಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳನ್ನು ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ತೆರೆದಿದೆ. ಇಷ್ಟು ಹಣ ಸುರಿದು ತೆರೆದ ಬಾಗಿಲಿನ ಎದುರು ನಿಂತ ಹುಡುಗಿಗೆ ಹಾಸ್ಟೆಲಿನ ಕೋಣೆಯಲ್ಲಿ ಸಿಗ್ನಲಿನ ಒಂದು ಗೆರೆಯೂ ಇಲ್ಲದಿದ್ದರೆ ಏನು ಪ್ರಯೋಜನ?

"ಫೋನ್ ಉಂಟಲ್ಲ?" ಎಂಬುದು ಮುಂದಿನ ಪ್ರಶ್ನೆ. ಫೋನಿನಲ್ಲಿ ಪಾಠ ನೋಡಬಹುದು, ಬರೆಯಲಿಕ್ಕಾಗುವುದಿಲ್ಲ. ನಮ್ಮಂಥ ಬಿಎಸ್ಸಿ ಕಲಿತವರಿಗೆ ಪೈಥಾನ್ ಬೇಕು, ಅಂಕಿಅಂಶಕ್ಕೆ ಆರ್ ಬೇಕು, ಪ್ರಾಜೆಕ್ಟ್ ವರದಿ ಬರೆಯಬೇಕು, ಗ್ರಾಫ್ ಹಾಕಬೇಕು. ಇವುಗಳಲ್ಲಿ ಕೆಲವು ತಂತ್ರಾಂಶಗಳನ್ನು ಇಳಿಸಿಕೊಳ್ಳುವುದಕ್ಕೇ ಒಂದು ಜಿಬಿ ಹತ್ತಿರ ಬೇಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಹಾಕಿಸಿಕೊಂಡವನು ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಲ್ಯಾಪ್‌ಟಾಪ್ ಜೋಡಿಸಿದರೆ, ವಿಂಡೋಸ್ ತನ್ನ ಪಾಡಿಗೆ ಒಂದು ಅಪ್‌ಡೇಟ್ ಶುರು ಮಾಡಿ ಹತ್ತು ನಿಮಿಷದಲ್ಲಿ ದಿನದ ಲೆಕ್ಕ ಮುಗಿಸಿಬಿಡುತ್ತದೆ. (ಹಾಟ್‌ಸ್ಪಾಟಿಗೆ ಜೋಡಿಸುವ ಮೊದಲು ವಿಂಡೋಸಿನ ವೈಫೈ ಸೆಟ್ಟಿಂಗಿನಲ್ಲಿ 'ಮೀಟರ್ಡ್ ಕನೆಕ್ಷನ್' ಎಂಬುದನ್ನು ಆನ್ ಮಾಡಿಡಿ. ಗೊತ್ತಿಲ್ಲದವರಿಗೆ ಇದೊಂದು ಉಪಕಾರ.)

ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ವಿಷಯ ಉಂಟು, ಇದನ್ನು ಹೊರಗಿನವರು ಯಾರೂ ಹೇಳುವುದಿಲ್ಲ. ಕಾಸರಗೋಡಿನ ನಾವು ಅನೇಕರು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವರು. ಮನೆಯಲ್ಲಿ ಕೊಂಕಣಿಯೋ ತುಳುವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ. ಬಿಎಸ್ಸಿಯ ಮೊದಲ ದಿನ ತರಗತಿಯಲ್ಲಿ ಕೂತಾಗ ಪಾಠ ಇಂಗ್ಲಿಷಿನಲ್ಲಿ, ವಿವರಣೆ ಮಲಯಾಳಂನಲ್ಲಿ, ನಮ್ಮ ತಲೆಯೊಳಗೆ ಎರಡೂ ಕನ್ನಡಕ್ಕೆ ತಿರುಗಿ ಬರಬೇಕು. ಗಡಿಯ ಆಚೆಗೆ ಹೋದರೆ ಮಲಯಾಳಂ ಬದಲು ಇಂಗ್ಲಿಷೇ ಇಂಗ್ಲಿಷು. ಒಮ್ಮೆ ಕೇಳಿದ್ದು ಅರ್ಥವಾಗುವುದಿಲ್ಲ. ಅಂಥವನಿಗೆ ರಾತ್ರಿ ಕೋಣೆಯಲ್ಲಿ ಕೂತು ಅದೇ ಪಾಠದ ವೀಡಿಯೋ ಎರಡನೇ ಸಲ, ಮೂರನೇ ಸಲ, ನಿಲ್ಲಿಸಿ ನಿಲ್ಲಿಸಿ ನೋಡುವುದೇ ಟ್ಯೂಷನ್. ಕನ್ನಡದಲ್ಲಿ ಕ್ಯಾಲ್ಕುಲಸ್ ಹೇಳಿಕೊಡುವ ಯಾವುದೋ ಊರಿನ ಒಬ್ಬ ಮಾಸ್ಟ್ರು ಯೂಟ್ಯೂಬಿನಲ್ಲಿ ಸಿಕ್ಕಿದರೆ ಆ ಸೆಮಿಸ್ಟರ್ ದಾಟಿದ ಹಾಗೆಯೇ. ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತು ಬಂದವನಿಗೆ ಹಾಸ್ಟೆಲಿನ ಇಂಟರ್ನೆಟ್ ಒಂದು ಸೌಕರ್ಯ, ನಮ್ಮ ಹುಡುಗರಿಗೆ ಅದು ಊರುಗೋಲು. 2020ರ ಜೂನ್ ತಿಂಗಳಲ್ಲಿ ಶಾಲೆಗಳು ಮುಚ್ಚಿದ್ದಾಗ ಕೇರಳ ಸರಕಾರದ ಕೈಟ್ ಸಂಸ್ಥೆ 'ಫಸ್ಟ್ ಬೆಲ್' ಪಾಠಗಳನ್ನು ಕನ್ನಡದಲ್ಲೂ ಮಾಡಿತ್ತು. ಆಗ ಶಾಲೆಯಲ್ಲಿದ್ದ ನಮ್ಮ ತಮ್ಮ ತಂಗಿಯರು ಗುಡ್ಡದ ಮೇಲೆ, ಗೇರು ಮರದ ಬುಡದಲ್ಲಿ ರೇಂಜ್ ಹುಡುಕಿ ಕೂತದ್ದು ಎಲ್ಲರಿಗೂ ನೆನಪಿರಬಹುದು. ಅವರೇ ಈಗ ಹಾಸ್ಟೆಲಿಗೆ ಹೋಗುತ್ತಿರುವವರು.

ಇದು ಬರೀ ನಮ್ಮ ಆಸೆ ಅಲ್ಲ, ಕಾನೂನಿನ ಮಾತೂ ಹೌದು. ಕೋಯಿಕ್ಕೋಡು ಜಿಲ್ಲೆಯ ಚೇಳನ್ನೂರಿನ ಒಂದು ಕಾಲೇಜಿನ ಮಹಿಳಾ ಹಾಸ್ಟೆಲಿನಲ್ಲಿ 2019ರಲ್ಲಿ ನಡೆದದ್ದನ್ನು ನಮ್ಮವರು ತಿಳಿದಿರಬೇಕು. ಅಲ್ಲಿ ಮೊದಲು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಫೋನ್ ಬಳಸಬಾರದೆಂಬ ನಿಯಮವಿತ್ತು. ಆಮೇಲೆ ಅದನ್ನು ಸಂಜೆ 6ರಿಂದ ರಾತ್ರಿ 10ಕ್ಕೆ ಬದಲಾಯಿಸಿದರು. ಪದವಿ ವಿದ್ಯಾರ್ಥಿನಿಯರು ಲ್ಯಾಪ್‌ಟಾಪ್ ಇಟ್ಟುಕೊಳ್ಳುವ ಹಾಗೂ ಇರಲಿಲ್ಲ. ಬಿಎ ಇಂಗ್ಲಿಷ್ ಓದುತ್ತಿದ್ದ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿ ಫೋನ್ ಒಪ್ಪಿಸಲಿಲ್ಲ. ಅವರನ್ನು ಹಾಸ್ಟೆಲಿನಿಂದ ಹೊರಹಾಕಿದರು. ಅವರು ಹೈಕೋರ್ಟಿಗೆ ಹೋದರು. 2019ರ ಸೆಪ್ಟೆಂಬರ್ 19ರಂದು ನ್ಯಾಯಮೂರ್ತಿ ಪಿ.ವಿ. ಆಶಾ ತೀರ್ಪು ಕೊಟ್ಟರು. ಇಂಟರ್ನೆಟ್ ಪಡೆಯುವ ಹಕ್ಕು ಶಿಕ್ಷಣದ ಹಕ್ಕಿನ ಭಾಗ, ಸಂವಿಧಾನದ 21ನೇ ವಿಧಿಯ ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ, ಆ ವಿದ್ಯಾರ್ಥಿನಿಯನ್ನು ಮತ್ತೆ ಹಾಸ್ಟೆಲಿಗೆ ಸೇರಿಸಿಕೊಳ್ಳಬೇಕೆಂದು ಆದೇಶಿಸಿದರು. ಹದಿನೆಂಟು ದಾಟಿದ ವಿದ್ಯಾರ್ಥಿ ಯಾವಾಗ, ಹೇಗೆ ಓದಬೇಕೆಂಬುದನ್ನು ಆಕೆಯೇ ತೀರ್ಮಾನಿಸಬೇಕು, ಬೇರೆಯವರಿಗೆ ತೊಂದರೆ ಆಗದಂತೆ ನೋಡಿಕೊಂಡರೆ ಸಾಕು ಎಂಬುದು ಆ ತೀರ್ಪಿನ ತಾತ್ಪರ್ಯ. ಇಡೀ ದೇಶದಲ್ಲಿ ಉಲ್ಲೇಖವಾಗುವ ತೀರ್ಪು ಅದು. ನಮ್ಮ ರಾಜ್ಯದಲ್ಲೇ, ಒಂದು ಹಾಸ್ಟೆಲ್ ಕೋಣೆಯಿಂದ ಹುಟ್ಟಿದ್ದು.

ಆ ಪ್ರಕರಣದಲ್ಲಿ ಕಾಲೇಜಿನ ಒಂದು ವಾದ ನಮಗೆ ಮುಖ್ಯವಾಗಿ ಕಾಣುತ್ತದೆ: ನಿರ್ಬಂಧ ಹಾಕಿದ್ದು ಪೋಷಕರ ಬೇಡಿಕೆಯಿಂದ ಎಂಬುದು. ಹಾಗಾದರೆ ಬಾಗಿಲು ಮುಚ್ಚುವ ಕೈ ವಾರ್ಡನ್‌ದು ಮಾತ್ರ ಅಲ್ಲ. ಹೆತ್ತವರ ಸಭೆಯಲ್ಲಿ ಕೈ ಎತ್ತಿ "ಸಿಸ್ಟರ್, ರಾತ್ರಿ ಆ ವೈಫೈ ಬಂದ್ ಮಾಡಿ" ಎಂದು ಹೇಳುವವರು ನಾವು ಬಲ್ಲ ಮನೆಗಳವರೇ.

ಅವರ ಹೆದರಿಕೆ ಸುಳ್ಳು ಎಂದು ನಾವು ಹೇಳುವುದಿಲ್ಲ. ಇಸ್ಪೀಟಿನ ಆ್ಯಪಿನಲ್ಲಿ ಫೀಸಿನ ದುಡ್ಡು ಕಳೆದುಕೊಂಡ ಹುಡುಗರ ಕಥೆ ಎಲ್ಲರ ಕಿವಿಗೂ ಬಿದ್ದಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತೇ 2025ರ ಆಗಸ್ಟಿನಲ್ಲಿ ಕಾಯಿದೆ ಮಾಡಿ ನಿಷೇಧಿಸಿದೆ ಎಂದರೆ ಅಪಾಯ ದೊಡ್ಡದೇ ಇದ್ದಿರಬೇಕು. ಅಶ್ಲೀಲ ತಾಣಗಳು, ಸಾಲದ ಆ್ಯಪುಗಳು, ನಿದ್ದೆಗೆಟ್ಟು ಮೂರು ಗಂಟೆಯವರೆಗೆ ರೀಲ್ಸ್. ಇವೆಲ್ಲ ಇವೆ. ಆದರೆ ಹಾಸ್ಟೆಲಿನ ವೈಫೈ ಹತ್ತು ಗಂಟೆಗೆ ಬಂದ್ ಮಾಡಿದರೆ ಇವುಗಳಲ್ಲಿ ಯಾವುದು ನಿಲ್ಲುತ್ತದೆ? ಒಂದೂ ಇಲ್ಲ. ರೀಲ್ಸ್ ನೋಡುವುದಕ್ಕೆ, ಜೂಜಾಡುವುದಕ್ಕೆ ಫೋನಿನ ಡೇಟಾ ಧಾರಾಳ ಸಾಕು. ನಿಲ್ಲುವುದು ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸ: ಪ್ರಾಜೆಕ್ಟು, ಆನ್‌ಲೈನ್ ಕೋರ್ಸು, ಲೈಬ್ರರಿಯ ಪುಸ್ತಕ. ಜಾಸ್ತಿ ದುಡ್ಡಿನ ಪ್ಯಾಕ್ ಹಾಕಿಸಿಕೊಳ್ಳುವವನಿಗೆ ಏನೂ ಆಗುವುದಿಲ್ಲ. ಅಪ್ಪ ಕೂಲಿಗೆ ಹೋಗುವ ಮನೆಯ ಹುಡುಗನೇ ಕತ್ತಲಲ್ಲಿ ಕೂರಬೇಕು. ನೆಗಡಿಯಾಯಿತೆಂದು ಮೂಗು ಕೊಯ್ದ ಹಾಗೆ ಎನ್ನುತ್ತಾರಲ್ಲ, ಇಲ್ಲಿ ಕೊಯ್ಯುವುದು ನೆಗಡಿ ಇಲ್ಲದವನ ಮೂಗನ್ನು.

ಇನ್ನು ಹುಡುಗರ ಹಾಸ್ಟೆಲಿಗೆ ಒಂದು ನಿಯಮ, ಹುಡುಗಿಯರ ಹಾಸ್ಟೆಲಿಗೆ ಇನ್ನೊಂದು ಎಂಬುದು. ಒಂದೇ ಕ್ಯಾಂಪಸ್, ಒಂದೇ ಕೋರ್ಸ್, ಒಂದೇ ಪರೀಕ್ಷೆ. ಹುಡುಗರಿಗೆ ರಾತ್ರಿಯಿಡೀ ಇಂಟರ್ನೆಟ್, ಹುಡುಗಿಯರಿಗೆ ಹತ್ತಕ್ಕೆ ಬಂದ್. ನಮ್ಮ ಘಟಕದ ಹುಡುಗಿಯರು ಇದನ್ನು ಹೇಳಿದಾಗ ಹುಡುಗರಿಗೆ ಮೊದಲು ನಂಬಿಕೆ ಬರಲಿಲ್ಲ. ಚೇಳನ್ನೂರಿನ ಅರ್ಜಿಯಲ್ಲೂ ಇದೇ ತಾರತಮ್ಯದ ಪ್ರಶ್ನೆ ಇತ್ತು. ಇದಕ್ಕೆ ಸಮರ್ಥನೆ ಏನೂ ಇಲ್ಲ, ಇದರ ಬಗ್ಗೆ ಹೆಚ್ಚು ಬರೆಯಬೇಕಾದ ಅಗತ್ಯವೂ ಇಲ್ಲ.

ನಿಯಮದ ಮಾತು ಸಾಕು. ನಿಯಮವೇ ಇಲ್ಲದ ಹಾಸ್ಟೆಲುಗಳಲ್ಲೂ ಎಷ್ಟೋ ಸಲ ಇಂಟರ್ನೆಟ್ ಸಿಗುವುದಿಲ್ಲ. ಅದು ಯಾಕೆ ಅಂತ ತಿಳಿದುಕೊಂಡರೆ ಜಗಳವನ್ನು ಸರಿಯಾದ ಬಾಗಿಲಿನಲ್ಲಿ ಆಡಬಹುದು. ಕೇಂದ್ರ ಸರಕಾರ 2010ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಜ್ಞಾನ ಜಾಲ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳಿಗೆ ಭಾರೀ ವೇಗದ ಫೈಬರ್ ಎಳೆಯುವ ಯೋಜನೆ ಅದು. ಕೇರಳದಲ್ಲಿ 2023ರ ಜೂನ್ 5ರಂದು ಕೆ-ಫೋನ್ ಉದ್ಘಾಟನೆಯಾಯಿತು. ಅಂದರೆ ದೊಡ್ಡ ಕ್ಯಾಂಪಸ್ಸಿನ ಗೇಟಿನವರೆಗೆ ಬರುವುದಕ್ಕೆ ಹೆದ್ದಾರಿ ಇದೆ. ತೊಂದರೆ ಇರುವುದು ಕಚೇರಿ ಕಟ್ಟಡದಿಂದ ಹಾಸ್ಟೆಲಿನವರೆಗಿನ ಇನ್ನೂರು ಮುನ್ನೂರು ಮೀಟರಿನಲ್ಲಿ. ನಾವು ಕಾಣುವ ನೀಲಿ ಬಣ್ಣದ ತಾಮ್ರದ ಕೇಬಲ್ 100 ಮೀಟರಿಗಿಂತ ಉದ್ದ ಎಳೆದರೆ ಕೆಲಸ ಮಾಡುವ ಖಾತರಿ ಇಲ್ಲ. ಆದ್ದರಿಂದ ಆ ದೂರಕ್ಕೆ ಫೈಬರ್ ಹಾಕಬೇಕು, ಹಾಸ್ಟೆಲಿನೊಳಗೆ ಸ್ವಿಚ್ ಇಡಬೇಕು, ಅಲ್ಲಿಂದ ಕೋಣೆ ಕೋಣೆಗೆ ಕೇಬಲ್ ಹೋಗಬೇಕು. ಇದಕ್ಕೆ ಖರ್ಚಿದೆ. ಅದಕ್ಕೇ ಸುಲಭದ ದಾರಿಯೆಂದು ಪ್ರತಿ ಮಹಡಿಯ ಕಾರಿಡಾರಿನ ಒಂದು ತುದಿಯಲ್ಲಿ ಒಂದು ವೈಫೈ ಡಬ್ಬಿ ತೂಗುಹಾಕಿ 'ವೈಫೈ ಸೌಲಭ್ಯವಿದೆ' ಎಂದು ಪ್ರಾಸ್ಪೆಕ್ಟಸ್ಸಿನಲ್ಲಿ ಅಚ್ಚು ಹಾಕಿಸುತ್ತಾರೆ.

ಆ ಒಂದು ಡಬ್ಬಿಯ ಗತಿ ನೋಡಿ. 2.4 ಗಿಗಾಹರ್ಟ್ಸ್ ವೈಫೈ ಗೋಡೆಯನ್ನು ಸ್ವಲ್ಪ ಚೆನ್ನಾಗಿ ದಾಟುತ್ತದೆ. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರುವುದು ಮೂರೇ ಮೂರು: 1, 6, 11. ಒಂದು ಮಹಡಿಯಲ್ಲಿ ಮೂವತ್ತು ಮಂದಿ ತಮ್ಮ ತಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಕೂತರೆ, ಮೂರು ದಾರಿಯಲ್ಲಿ ಮೂವತ್ತು ಬಸ್ಸು ಒಟ್ಟಿಗೆ ಹಾರ್ನ್ ಹೊಡೆದ ಹಾಗೆ. 5 ಗಿಗಾಹರ್ಟ್ಸ್ ವೇಗದ್ದು, ಜಾಗವೂ ಹೆಚ್ಚು, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಆಮೇಲೆ ಲೆಕ್ಕ. 200 ಮಂದಿಯ ಹಾಸ್ಟೆಲಿಗೆ 100 ಎಂಬಿಪಿಎಸ್‌ನ ಒಂದು ಸಂಪರ್ಕ ಎಂದುಕೊಳ್ಳೋಣ. ರಾತ್ರಿ ಒಂಬತ್ತಕ್ಕೆ ಎಲ್ಲರೂ ಒಟ್ಟಿಗೆ ಕೂತರೆ ತಲೆಗೆ ಅರ್ಧ ಎಂಬಿಪಿಎಸ್. ಸಾಧಾರಣ ಗುಣಮಟ್ಟದ ಪಾಠದ ವೀಡಿಯೋಗೆ ಸುಮಾರು ಒಂದು ಬೇಕು. ಎಲ್ಲರೂ ಒಂದೇ ಕ್ಷಣದಲ್ಲಿ ನೋಡುವುದಿಲ್ಲವಾದ್ದರಿಂದ ಹೇಗೋ ನಡೆಯುತ್ತದೆ, ಪರೀಕ್ಷೆಯ ಹಿಂದಿನ ವಾರ ನಡೆಯುವುದಿಲ್ಲ. ಹತ್ತಕ್ಕೆ ಬಂದ್ ಮಾಡುವ ಹಾಸ್ಟೆಲುಗಳಲ್ಲಿ ಎಂಟರಿಂದ ಹತ್ತರವರೆಗಿನ ನೂಕುನುಗ್ಗಲು ಇನ್ನೂ ಹೆಚ್ಚು ಎಂಬುದನ್ನು ಬಂದ್ ಮಾಡುವವರು ಗಮನಿಸಿದಂತಿಲ್ಲ. ಸಂಪರ್ಕದ ಬಿಲ್ಲು ಇಪ್ಪತ್ತನಾಲ್ಕು ಗಂಟೆಯದ್ದೇ, ಬಂದ್ ಮಾಡಿದ ಎಂಟು ಗಂಟೆಗೆ ಯಾವ ಕಂಪೆನಿಯೂ ದುಡ್ಡು ವಾಪಸು ಕೊಡುವುದಿಲ್ಲ.

ಆದ್ದರಿಂದ ಕೋಣೆಯ ಗೋಡೆಯಲ್ಲಿ ಕೇಬಲ್ ಚುಚ್ಚುವ ಒಂದು ತೂತು ಇದೆಯಾ ಅಂತ ನೋಡಿ. ಇದ್ದರೆ ಭಾಗ್ಯ. ಹೊಸ ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ಕೇಬಲಿನ ಜಾಗ ಇರುವುದಿಲ್ಲ, ಯುಎಸ್‌ಬಿಗೆ ಚುಚ್ಚುವ ಒಂದು ಅಡಾಪ್ಟರ್ ಬೇಕಾಗುತ್ತದೆ. ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ ಅದನ್ನೂ ಇಟ್ಟುಕೊಳ್ಳಿ.

ಜೋಡಿಸುವಾಗ ಬರುವ ತೊಂದರೆಗಳಲ್ಲಿ ನಾವು ಮತ್ತೆ ಮತ್ತೆ ಕಂಡವು ಕೆಲವು. ಬಹಳ ಹಾಸ್ಟೆಲುಗಳಲ್ಲಿ ಮೊದಲು ಯಂತ್ರದ ಮ್ಯಾಕ್ ವಿಳಾಸ ಬರೆದುಕೊಡಿ ಎನ್ನುತ್ತಾರೆ. ಇದು ಹನ್ನೆರಡು ಅಕ್ಷರದ ಒಂದು ಗುರುತು, ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿ ಮತ್ತು ಎ ಯಿಂದ ಎಫ್‌ವರೆಗಿನ ಅಕ್ಷರ ಮಾತ್ರ ಇರುತ್ತವೆ. ಕೈಬರಹದಲ್ಲಿ ಬರೆದುಕೊಟ್ಟರೆ ಬಿ ಎಂಬುದು ಎಂಟಾಗುತ್ತದೆ, ಡಿ ಎಂಬುದು ಸೊನ್ನೆಯಾಗುತ್ತದೆ, ಹದಿನೈದು ದಿನ ಕಾದರೂ ಸಂಪರ್ಕ ಬರುವುದಿಲ್ಲ. ಟೈಪ್ ಮಾಡಿ ಕಳಿಸಿ. ಇನ್ನೂ ಒಂದು: ಒಂದು ಲ್ಯಾಪ್‌ಟಾಪಿಗೆ ಒಂದೇ ಮ್ಯಾಕ್ ವಿಳಾಸ ಅಲ್ಲ. ವೈಫೈಗೆ ಒಂದು, ಕೇಬಲಿನ ಕಿಂಡಿಗೆ ಇನ್ನೊಂದು, ಯುಎಸ್‌ಬಿ ಅಡಾಪ್ಟರಿಗೆ ಮತ್ತೊಂದು. ಯಾವುದರಿಂದ ಜೋಡಿಸುತ್ತೀರೋ ಅದರದ್ದನ್ನೇ ಕೊಡಬೇಕು. ಫೋನುಗಳ ಕಥೆ ಬೇರೆ. 2019ರ ಆಂಡ್ರಾಯ್ಡ್ 10ರಿಂದ, 2020ರ ಐಒಎಸ್ 14ರಿಂದ ಫೋನುಗಳು ತಮ್ಮ ನಿಜವಾದ ಮ್ಯಾಕ್ ಅಡಗಿಸಿ ಒಂದು ಸುಳ್ಳು ವಿಳಾಸ ತೋರಿಸುತ್ತವೆ. ಖಾಸಗಿತನಕ್ಕೆ ಒಳ್ಳೆಯದೇ, ಆದರೆ ನೋಂದಣಿ ಕೇಳುವ ಹಾಸ್ಟೆಲಿನಲ್ಲಿ ಅದೇ ತೊಡಕು. ಆ ಒಂದು ನೆಟ್‌ವರ್ಕಿಗೆ ಮಾತ್ರ 'ಡಿವೈಸ್ ಮ್ಯಾಕ್' ಎಂದು ಬದಲಾಯಿಸಿದರೆ ಸರಿಯಾಗುತ್ತದೆ.

ಕೇಬಲ್ ಚುಚ್ಚಿದ್ದೀರಿ, ದೀಪ ಮಿನುಗುತ್ತದೆ, ಆದರೂ ಏನೂ ತೆರೆಯುವುದಿಲ್ಲ. ಆಗ ಲ್ಯಾಪ್‌ಟಾಪಿನ ಐಪಿ ವಿಳಾಸ ನೋಡಿ. 169.254 ಎಂದು ಶುರುವಾಗಿದ್ದರೆ ಹಾಸ್ಟೆಲಿನ ಸರ್ವರ್ ನಿಮಗೆ ವಿಳಾಸ ಕೊಟ್ಟಿಲ್ಲ, ನಿಮ್ಮ ಯಂತ್ರ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ತೊಂದರೆ ನಿಮ್ಮ ಬ್ರೌಸರಿನಲ್ಲಿ ಇಲ್ಲ, ಕೇಬಲಿನಲ್ಲೋ ಅವರ ಸ್ವಿಚ್ಚಿನಲ್ಲೋ ನೋಂದಣಿಯಲ್ಲೋ ಇದೆ. ಈ ಒಂದು ಸಂಖ್ಯೆ ಹೇಳಿ ದೂರು ಕೊಟ್ಟರೆ ಕಂಪ್ಯೂಟರ್ ಸೆಂಟರಿನವರು ನಿಮ್ಮನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ, ಇದು ನಮ್ಮ ಅನುಭವ. ವಿಳಾಸ ಸಿಕ್ಕಿದೆ, ಆದರೆ ಲಾಗಿನ್ ಪುಟ ಬರುವುದಿಲ್ಲ ಎಂದಾದರೆ, ಬೀಗದ ಗುರುತಿಲ್ಲದ ಹಳೆಯ ಬಗೆಯ ಒಂದು ತಾಣ ತೆರೆದು ನೋಡಿ. ಈಗಿನ ಸುರಕ್ಷಿತ ತಾಣಗಳನ್ನು ಮಧ್ಯದಲ್ಲಿ ತಡೆದು ಲಾಗಿನ್ ಪುಟ ತೋರಿಸಲು ಹಾಸ್ಟೆಲಿನ ಯಂತ್ರಕ್ಕೆ ಆಗುವುದಿಲ್ಲ. ಲ್ಯಾಪ್‌ಟಾಪಿನ ದಿನಾಂಕ ತಪ್ಪಾಗಿದ್ದರೂ ಹೀಗೇ ಆಗುತ್ತದೆ. ಅಣ್ಣ ಬಳಸಿ ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ ಅದು ಪ್ರತಿ ಸಲ ಹಳೆಯ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಗಡಿಯವರಾದ ನಮಗೆ ಮಾತ್ರ ಬರುವ ಒಂದು ಕಾಟ ಒಟಿಪಿಯದ್ದು. ಪ್ರವೇಶದ ಅರ್ಜಿಯಲ್ಲಿ ಅಪ್ಪನ ನಂಬರ್ ಕೊಟ್ಟಿರುತ್ತಾರೆ, ಅಪ್ಪ ಗುಡ್ಡದ ಆಚೆ ರೇಂಜ್ ಇಲ್ಲದ ತೋಟದಲ್ಲಿ ಇರುತ್ತಾರೆ, ಮಗ ಕೋಣೆಯಲ್ಲಿ ಕಾಯುತ್ತಾನೆ. ಅರ್ಜಿ ತುಂಬುವಾಗಲೇ ವಿದ್ಯಾರ್ಥಿಯ ಸ್ವಂತ ನಂಬರ್ ಹಾಕಿ.

ವಿದ್ಯಾರ್ಥಿಗಳಿಗೂ ಎರಡು ಮಾತು ಖಾರವಾಗಿ ಹೇಳಬೇಕು. ಕೋಣೆಗೆ ಸ್ವಂತ ರೌಟರ್ ತಂದು ಗೋಡೆಯ ಕೇಬಲಿಗೆ ತಪ್ಪು ಕಿಂಡಿಯಲ್ಲಿ ಚುಚ್ಚುವ ಬುದ್ಧಿವಂತರು ಪ್ರತಿ ಹಾಸ್ಟೆಲಿನಲ್ಲೂ ಇದ್ದಾರೆ. ಆ ರೌಟರ್ ಇಡೀ ಮಹಡಿಗೆ ತಾನೇ ಐಪಿ ವಿಳಾಸ ಹಂಚಲು ಶುರು ಮಾಡುತ್ತದೆ, ಎಲ್ಲರ ಸಂಪರ್ಕವೂ ಕುರುಡಾಗುತ್ತದೆ, ಯಾಕೆಂದು ಯಾರಿಗೂ ಗೊತ್ತಾಗುವುದಿಲ್ಲ. ರೌಟರ್ ನಿಷೇಧಿಸಿದ ವಾರ್ಡನ್ ಈ ವಿಷಯದಲ್ಲಿ ಸರಿ. ಎರಡನೆಯದು ಪಾಸ್‌ವರ್ಡ್ ಎರವಲು ಕೊಡುವುದು. ನಿಮ್ಮ ಹೆಸರಿನ ಲಾಗಿನ್‌ನಲ್ಲಿ ಯಾರು ಏನು ಮಾಡಿದರೂ ದಾಖಲೆಯಲ್ಲಿ ಬರುವುದು ನಿಮ್ಮ ಹೆಸರೇ. ಕೇಂದ್ರ ಸರಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ದಾಖಲೆಗಳನ್ನು ಸಂಸ್ಥೆಗಳು 180 ದಿನ ಇಟ್ಟುಕೊಳ್ಳಬೇಕು. ಬೆದರಿಕೆಯ ಮೇಲ್ ಒಂದು ನಿಮ್ಮ ಲಾಗಿನ್‌ನಿಂದ ಹೋದರೆ ಪೊಲೀಸರು ಬರುವುದು ನಿಮ್ಮ ಕೋಣೆಗೆ. ಗೆಳೆಯನಿಗೆ ಊಟ ಹಂಚಿ, ಪಾಸ್‌ವರ್ಡ್ ಹಂಚಬೇಡಿ.

ಇದೇ ಕಾರಣಕ್ಕೆ ಇಡೀ ಹಾಸ್ಟೆಲಿಗೆ ಒಂದೇ ಪಾಸ್‌ವರ್ಡ್ ಬರೆದು ನೋಟೀಸ್ ಬೋರ್ಡಿಗೆ ಅಂಟಿಸುವ ಪದ್ಧತಿ ನಮಗೆ ಇಷ್ಟವಿಲ್ಲ. ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಇರಬೇಕು. ಇದಕ್ಕೆ ಜಗತ್ತು ಒಪ್ಪಿದ ಒಂದು ವ್ಯವಸ್ಥೆ ಈಗಾಗಲೇ ಇದೆ, ಎಜುರೋಮ್ ಅಂತ. ಯುರೋಪಿನಲ್ಲಿ ಇಪ್ಪತ್ತು ವರ್ಷಕ್ಕೂ ಹಿಂದೆ ಶುರುವಾದದ್ದು, ಭಾರತದಲ್ಲಿ ಎರ್ನೆಟ್ ಸಂಸ್ಥೆ ನಡೆಸುತ್ತದೆ. ನಿಮ್ಮ ವಿಶ್ವವಿದ್ಯಾಲಯ ಅದಕ್ಕೆ ಸೇರಿದ್ದರೆ ಒಮ್ಮೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹೊಂದಿಸಿಟ್ಟರೆ ಸಾಕು, ಎಜುರೋಮ್ ಇರುವ ಬೇರೆ ಯಾವ ಕ್ಯಾಂಪಸ್ಸಿಗೆ ಹೋದರೂ ಅದು ತಾನಾಗಿ ಜೋಡಿಸಿಕೊಳ್ಳುತ್ತದೆ. ಬೇರೆ ರಾಜ್ಯವಾದರೂ ಸರಿ, ಬೇರೆ ದೇಶವಾದರೂ ಸರಿ. ತಲಪಾಡಿ ದಾಟಿದ ಕೂಡಲೇ ಬಸ್ ಪಾಸ್ ಬದಲಾಗುತ್ತದೆ, ಮೀಸಲಾತಿ ಪಟ್ಟಿ ಬದಲಾಗುತ್ತದೆ. ಗಡಿ ಗೊತ್ತಿಲ್ಲದ ಒಂದಾದರೂ ಗುರುತಿನ ಚೀಟಿ ನಮ್ಮ ಮಕ್ಕಳಿಗೆ ಸಿಗುವುದಾದರೆ ನಮಗೆ ಅದಕ್ಕಿಂತ ಸಂತೋಷ ಇಲ್ಲ. ಹೆತ್ತವರ ಸಭೆಯಲ್ಲಿ ವೈಫೈ ಬಂದ್ ಮಾಡಿ ಎನ್ನುವ ಬದಲು ಎಜುರೋಮ್ ತನ್ನಿ ಎಂದು ಯಾರಾದರೂ ಹೇಳಲಿ ನೋಡೋಣ.

ಸೋಸುವುದಕ್ಕೆ ನಮ್ಮ ವಿರೋಧ ಇಲ್ಲ. ಜೂಜಿನ ತಾಣ, ಅಶ್ಲೀಲ ತಾಣ ತಡೆಯಲಿ. ಆದರೆ ಏನನ್ನು ತಡೆದಿದ್ದೇವೆಂದು ಬರೆದು ಹಾಕಲಿ, ತಪ್ಪಾಗಿ ತಡೆದದ್ದನ್ನು ತೆರೆಸಲು ಒಬ್ಬರ ಹೆಸರು ಇರಲಿ. ನಮ್ಮಲ್ಲೊಬ್ಬರು ಇದ್ದ ಹಾಸ್ಟೆಲಿನಲ್ಲಿ ಯೂಟ್ಯೂಬ್ ಪೂರ್ತಿ ಬಂದ್, ಜೀವಶಾಸ್ತ್ರದ ಪಾಠದ ಕೆಲವು ಪುಟಗಳೂ ಬಂದ್. ಸಂತಾನೋತ್ಪತ್ತಿ ಎಂಬ ಪದ ಕಂಡದ್ದೇ ಆ ಯಂತ್ರಕ್ಕೆ ಸಾಕಾಗಿತ್ತೋ ಏನೋ. ನಿದ್ದೆಯ ಪ್ರಶ್ನೆಗೂ ಬೇರೆ ದಾರಿ ಉಂಟು. ಹನ್ನೊಂದರ ಮೇಲೆ ಕೋಣೆಯಲ್ಲಿ ಸದ್ದಿಲ್ಲ, ದೊಡ್ಡ ದೀಪವಿಲ್ಲ, ಓದುವವರಿಗೆ ಕೆಳಗೆ ಒಂದು ಓದುವ ಕೋಣೆ ತೆರೆದಿರುತ್ತದೆ ಎಂಬ ನಿಯಮ ಮಾಡಿದರೆ ಒಪ್ಪುವವರಲ್ಲಿ ನಾವೇ ಮೊದಲು.

ನಮ್ಮದೇ ಸಂಸ್ಥೆಗಳು, ಧರ್ಮಸಭೆಯ ಆಶ್ರಯದಲ್ಲಿ ನಡೆಯುವ ಹಾಸ್ಟೆಲುಗಳು ಇವೆ. ಅಲ್ಲಿ ಜ್ವರ ಬಂದ ರಾತ್ರಿ ಗಂಜಿ ಮಾಡಿಕೊಟ್ಟ ಸಿಸ್ಟರ್‌ಗಳನ್ನು ಮರೆತು ನಾವು ಇದನ್ನು ಬರೆಯುತ್ತಿಲ್ಲ. ಅಲ್ಲಿನ ಶಿಸ್ತಿನಿಂದ ಎಷ್ಟೋ ಮನೆಗಳ ಮಕ್ಕಳು ಉದ್ಧಾರವಾಗಿದ್ದಾರೆ, ಕ್ರೈಸ್ತರಲ್ಲದ ಮನೆಗಳವರೂ ನಂಬಿ ಕಳಿಸುತ್ತಾರೆ. ಆ ನಂಬಿಕೆ ಇರುವಲ್ಲಿಯೇ ಮೊದಲು ಬದಲಾವಣೆ ಆಗಬೇಕು ಎಂಬುದು ನಮ್ಮ ಕೋರಿಕೆ. ಸಂಜೆ ಲ್ಯಾಪ್‌ಟಾಪ್ ಆಫೀಸಿನಲ್ಲಿ ಒಪ್ಪಿಸುವ ನಿಯಮ ಎಲ್ಲಿ ಇದೆಯೋ ಅಲ್ಲಿ ಅದನ್ನು ಈ ವರ್ಷ ಕೈಬಿಡಲಿ. ಕೋರ್ಟಿನ ತೀರ್ಪು ಬಂದು ವರ್ಷಗಳೇ ಕಳೆದ ಮೇಲೂ ಒಬ್ಬ ಹುಡುಗಿ ಒಬ್ಬಳೇ ನಿಂತು ಅದನ್ನು ಕೇಳಬೇಕಾಗಿ ಬರಬಾರದು.

ಈ ಜೂನಿನಲ್ಲಿ ಮಕ್ಕಳನ್ನು ಕಳಿಸುವ ಹೆತ್ತವರು ಆಫೀಸಿನಲ್ಲಿ ಊಟ, ನೀರು, ಗೇಟು ಕೇಳಿದ ಮೇಲೆ ಇನ್ನೂ ಎರಡು ನಿಮಿಷ ನಿಲ್ಲಿ. ಕೋಣೆಯಲ್ಲೇ ಸಂಪರ್ಕ ಇದೆಯಾ, ಕಾರಿಡಾರಿನಲ್ಲಿ ಮಾತ್ರವಾ ಎಂದು ಕೇಳಿ. ಸಾಧ್ಯವಾದರೆ ಮಹಡಿ ಹತ್ತಿ, ಮಂಚದ ಮೇಲೆ ಕೂತು ನಿಮ್ಮ ಫೋನಿನಲ್ಲಿ ಒಮ್ಮೆ ನೋಡಿ. ಇಂಟರ್ನೆಟ್ ಫೀಸು ಅಂತ ಬೇರೆ ತೆಗೆದುಕೊಂಡರೆ ಅದಕ್ಕೆ ರಶೀದಿ ಕೇಳಿ, ಕೆಟ್ಟರೆ ಎಷ್ಟು ದಿನದಲ್ಲಿ ಸರಿಮಾಡುತ್ತೀರಿ ಎಂದೂ ಕೇಳಿ. ಮಗಳ ಹಾಸ್ಟೆಲಾದರೆ, ಹುಡುಗರ ಹಾಸ್ಟೆಲಿನ ಸಮಯ ಎಷ್ಟು ಎಂದು ಕೇಳಲು ಮರೆಯಬೇಡಿ.

ಹೊಸದಾಗಿ ಹೊರಡುವವರು ಮೇ ತಿಂಗಳ ಕೊನೆಯ ಎರಡು ಭಾನುವಾರ ಎರಡನೇ ಪೂಜೆಯ ನಂತರ ಲ್ಯಾಪ್‌ಟಾಪ್ ಹಿಡಿದುಕೊಂಡು ಚರ್ಚ್ ಹಾಲಿಗೆ ಬನ್ನಿ. ಮ್ಯಾಕ್ ವಿಳಾಸ ಬರೆದುಕೊಡುತ್ತೇವೆ, ದಿನಾಂಕ ಸರಿಮಾಡುತ್ತೇವೆ, ಅಪ್‌ಡೇಟ್ ಹಾಕಿಸುತ್ತೇವೆ, ಕನ್ನಡದ ಕೀಲಿಮಣೆಯನ್ನೂ ಕೂರಿಸುತ್ತೇವೆ. ಹಳೆಯ ಲ್ಯಾಪ್‌ಟಾಪ್ ಆದರೂ ತನ್ನಿ. ಯಾವ ಮನೆಯವರು, ಯಾವ ಧರ್ಮದವರು ಅಂತ ಕೇಳುವುದಿಲ್ಲ. ಚಾರ್ಜರ್ ಮಾತ್ರ ಮರೆಯದೆ ತನ್ನಿ, ಹಾಲಿನಲ್ಲಿ ಇರುವುದು ನಾಲ್ಕೇ ಪ್ಲಗ್ಗು.